ಹುಳುವಿನ ಮಿದುಳಿನ ಚಿತ್ರಗಳಿಂದ ನರಜಾಲವನ್ನು ಓದುವುದು ಹೇಗೆ?

ಪ್ರಶ್ನೆ (ಸಿಂಧನೂರು, ಪ್ರಾಣಿಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ನಮ್ಮ ಹತ್ತಿ ಹೊಲದಲ್ಲಿ ಗುಲಾಬಿ ಕಾಯಿಕೊರಕದ ಕಾಟ ಇರುವುದರಿಂದ ಅಪ್ಪ ಪ್ರತಿ ವರ್ಷ ಲಿಂಗಾಕರ್ಷಕ ಬಲೆಗಳನ್ನು ಕಟ್ಟುತ್ತಾರೆ. ಸಾಸಿವೆ ಕಾಳಿಗಿಂತ ಚಿಕ್ಕ ಮಿದುಳಿನ ಗಂಡು ಪತಂಗವು ಕತ್ತಲೆಯಲ್ಲಿ ವಾಸನೆಯೊಂದನ್ನೇ ಹಿಡಿದು ಬಲೆಗೆ ಬರುವುದನ್ನು ನೋಡಿಯೇ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿತು. ನರವಿಜ್ಞಾನಿ ಆಲ್ಬರ್ಟ್ ಕಾರ್ಡೋನಾ ಮತ್ತು ಸಂಗಡಿಗರು ಹಣ್ಣಿನ ನೊಣದ ಮರಿಹುಳುವಿನ ಇಡೀ ಮಿದುಳಿನ ನಕ್ಷೆಯನ್ನು 2023ರಲ್ಲಿ ಪ್ರಕಟಿಸಿದರೆಂದು ಓದಿದ್ದೇನೆ. ಬರಿಯ ಚಿತ್ರಗಳನ್ನು ನೋಡಿ ಯಾವ ನರಕೋಶ ಯಾವುದಕ್ಕೆ ಕೂಡಿಕೊಂಡಿದೆ ಎಂದು ಹೇಗೆ ಹೇಳುತ್ತಾರೆ? ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಕಣ್ಣಾರೆ ಕಾಣದ ನಾನು ಇದನ್ನು ಕಲಿಯಬಹುದೇ?

ಉತ್ತರ (ಬಳ್ಳಾರಿ, ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕ)

ನೋಡಮ್ಮ, ಮೊದಲು ಮಿದುಳನ್ನು ಭಾರಲೋಹದ ಬಣ್ಣದಲ್ಲಿ ನೆನೆಸಿ, ರಾಳದಲ್ಲಿ ಗಟ್ಟಿಗೊಳಿಸಿ, ವಜ್ರದ ಅಲಗಿನಿಂದ ಸುಮಾರು 50 ನ್ಯಾನೋಮೀಟರ್ ದಪ್ಪದ ಬಿಲ್ಲೆಗಳಾಗಿ ಸೀಳುತ್ತಾರೆ. ಆ ಮರಿಹುಳುವಿನಿಂದ ಇಂಥ 4,800ಕ್ಕೂ ಹೆಚ್ಚು ಬಿಲ್ಲೆಗಳು ಬಂದವು. ಒಂದೊಂದನ್ನೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರಿಸಿದ ಮೇಲೆ ನಿಜವಾದ ತೊಡಕು ಶುರುವಾಗುತ್ತದೆ. ನಮ್ಮೂರಿನ ಜೀನ್ಸ್ ಘಟಕಗಳಲ್ಲಿ ಬಟ್ಟೆಯನ್ನು ಪದರ ಪದರವಾಗಿ ಹಾಸಿ ಕತ್ತರಿಸುವಾಗ ಒಂದು ಪದರ ಸರಿದರೂ ಅಳತೆ ಕೆಡುತ್ತದೆಯಲ್ಲ, ಇಲ್ಲಿಯೂ ಹಾಗೆಯೇ. ಬಿಲ್ಲೆಗಳು ಹಿಗ್ಗುತ್ತವೆ, ಮಡಚಿಕೊಳ್ಳುತ್ತವೆ, ಕೆಲವೊಮ್ಮೆ ಹರಿಯುತ್ತವೆ. ಅವನ್ನು ಗಣಿತದಿಂದ ಸರಿಹೊಂದಿಸದಿದ್ದರೆ ಕೂದಲಿಗಿಂತ ಸಾವಿರ ಪಾಲು ತೆಳುವಾದ ನರದೆಳೆಯು ಮುಂದಿನ ಚಿತ್ರದಲ್ಲಿ ಎಲ್ಲಿ ಹೋಯಿತೆಂದು ತಿಳಿಯದು. ಈ ಕೆಲಸಕ್ಕೆಂದೇ ಕಾರ್ಡೋನಾ 'ಟ್ರ್ಯಾಕ್‌ಇಎಂ2' ಎಂಬ ತಂತ್ರಾಂಶವನ್ನು ರೂಪಿಸಿದರು. ಸಲಕರಣೆ ಸಿಗಲಿಲ್ಲವೆಂದು ಕೈಕಟ್ಟಿ ಕೂರದೆ ಅದನ್ನೇ ಕಟ್ಟಿ, ಎಲ್ಲರಿಗೂ ಉಚಿತವಾಗಿ ಕೊಟ್ಟದ್ದನ್ನು ಅವರ ಸಂಶೋಧನೆಯಷ್ಟೇ ದೊಡ್ಡ ಕೊಡುಗೆಯೆಂದು ನಾನು ಎಣಿಸುತ್ತೇನೆ.

ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಕೂಡುತಾಣವನ್ನು (ಸಿನಾಪ್ಸ್) ಗುರುತಿಸುವುದು ಹೀಗೆ: ನೊಣದಲ್ಲಿ ಸಂದೇಶ ಕಳಿಸುವ ಕಡೆ 'ಟಿ' ಆಕಾರದ ಕಪ್ಪು ಗುರುತು ಮತ್ತು ಸಂದೇಶದ ರಾಸಾಯನಿಕ ತುಂಬಿದ ಸಣ್ಣ ಕೋಶಿಕೆಗಳ (ಚೀಲಗಳ) ಗುಂಪು ಕಾಣುತ್ತವೆ, ಅದಕ್ಕೆ ಎದುರಾಗಿ ಸಾಮಾನ್ಯವಾಗಿ ಹಲವು ಎಳೆಗಳು ಒಟ್ಟಿಗೆ ಸಂದೇಶ ಪಡೆಯುತ್ತವೆ. ಹೀಗೆ ಎಳೆ ಎಳೆಯಾಗಿ ಹಿಂಬಾಲಿಸಿ 3,016 ನರಕೋಶಗಳನ್ನೂ ಸುಮಾರು 5,48,000 ಕೂಡುತಾಣಗಳನ್ನೂ ಗುರುತಿಸಿದರು. ಮಾಹಿತಿ ಬಂದ ದಾರಿಗೇ ಮರಳಿ ಸುತ್ತುವ ಸಂಪರ್ಕಗಳು ಕಲಿಕೆಯ ಕೇಂದ್ರಕ್ಕೆ ಸೇರಿದ ನರಕೋಶಗಳಲ್ಲಿ ಹೆಚ್ಚು ದಟ್ಟವಾಗಿದ್ದವು ಎಂಬುದು ನನ್ನನ್ನು ಬಹಳ ಸೆಳೆದ ಸಂಗತಿ.

ಉತ್ತರ (ಗಂಗಾವತಿ, ಚಿತ್ರ ವಿಶ್ಲೇಷಣೆಯ ತಂತ್ರಾಂಶದ ಕೆಲಸ)

ಗುರುಗಳ ಮಾತಿಗೆ ಒಂದನ್ನು ಸೇರಿಸುತ್ತೇನೆ. ಬೆಳೆದ ನೊಣದ ಮಿದುಳಿನ 2024ರ ನಕ್ಷೆಯಲ್ಲಿ 1,39,255 ನರಕೋಶಗಳಿವೆ. ಅಷ್ಟನ್ನು ಕೈಯಿಂದ ಗೆರೆ ಎಳೆದು ಮುಗಿಸಲಾಗದು. ಆದ್ದರಿಂದ ಗಣಕಯಂತ್ರವೇ ಎಳೆಗಳನ್ನು ಬೇರ್ಪಡಿಸಿತು. ಆದರೆ ಅದು ಒಂದು ಕಡೆ ತಪ್ಪಾಗಿ ಬೆಸೆದರೆ ಎರಡು ನರಕೋಶಗಳು ಒಂದಾಗಿ ಸುಳ್ಳು ದಾರಿ ಹುಟ್ಟಿಕೊಳ್ಳುತ್ತದೆ. ಹಾಗಾಗಿ ವಿಜ್ಞಾನಿಗಳು ಮತ್ತು ಆಸಕ್ತ ಸ್ವಯಂಸೇವಕರು ಕೂತು ತಿದ್ದಿದರು. ಈ ಮನುಷ್ಯಶ್ರಮವಿಲ್ಲದೆ ಆ ನಕ್ಷೆಯನ್ನು ನಂಬುವಂತಿರಲಿಲ್ಲ.

ಪ್ರಶ್ನಿಸಿದವರು

ಇಬ್ಬರಿಗೂ ಧನ್ಯವಾದಗಳು ಸರ್. ನಕ್ಷೆ ಪೂರ್ಣವಾದರೆ ಹುಳುವಿನ ನಡವಳಿಕೆಯೂ ಗೊತ್ತಾದಂತೆಯೇ?

ಉತ್ತರ (ಬಳ್ಳಾರಿ)

ಇಲ್ಲಮ್ಮ. 302 ನರಕೋಶಗಳ ದುಂಡುಹುಳುವಿನ ನಕ್ಷೆ 1986ರಲ್ಲೇ ಬಂದರೂ ಅದರ ನಡವಳಿಕೆಯ ಚರ್ಚೆ ಇನ್ನೂ ಮುಗಿದಿಲ್ಲ. ಯಾವ ನರಕೋಶ ಯಾವ ಗಳಿಗೆಯಲ್ಲಿ ಚುರುಕಾಯಿತು ಎಂಬುದನ್ನು ಗಟ್ಟಿಗೊಳಿಸಿದ ಮಿದುಳು ಹೇಳಲಾರದು. ಅದಕ್ಕೆ ಜೀವಂತ ಹುಳುವಿನಲ್ಲಿ, ಚುರುಕಾದಾಗ ಬೆಳಗುವಂತೆ ಮಾಡಿದ ನರಕೋಶಗಳನ್ನು ನೋಡಬೇಕು. ನಕ್ಷೆ ಇದ್ದರೆ ಎಲ್ಲಿ ನೋಡಬೇಕೆಂಬುದು ತಿಳಿಯುತ್ತದೆ.

ಕಲಿಯುವ ವಿಚಾರಕ್ಕೆ ಬಂದರೆ, 'ಫಿಜಿ' ಎಂಬ ಉಚಿತ ತಂತ್ರಾಂಶವನ್ನು ಸಾಧಾರಣ ಲ್ಯಾಪ್‌ಟಾಪಿಗೇ ಹಾಕಿಕೊಳ್ಳಬಹುದು. ಅದರ ಮಾದರಿ ಚಿತ್ರಗಳಲ್ಲಿ ಹಣ್ಣಿನ ನೊಣದ ಮೊದಲ ಹಂತದ ಮರಿಹುಳುವಿನ ಮಿದುಳೇ ಇದೆ; ಅದನ್ನು ತೆರೆದು ಪದರಗಳನ್ನು ಮೇಲೆ ಕೆಳಗೆ ಸರಿಸಿ ಅಭ್ಯಾಸ ಮಾಡು. ಯಾವ ಭಾಗದ ಗಾತ್ರವನ್ನಾದರೂ ಅಳೆಯುವ ಮೊದಲು ಪದರಗಳ ನಡುವಿನ ಅಂತರವನ್ನು ಪರೀಕ್ಷಿಸು. ಅದು ಪಿಕ್ಸೆಲ್‌ನ ಅಗಲಕ್ಕೆ ಸಮನಾಗಿರುವುದು ಅಪರೂಪ, ಹೊಸಬರು ಹೆಚ್ಚಾಗಿ ಎಡವುವುದೂ ಅಲ್ಲಿಯೇ.