‘ನಡೆದಾಡಿಸು’ ಸರಿಯೋ, ‘ಹೆಜ್ಜೆ ಹಾಕಿಸು’ ಸರಿಯೋ?

ಮಾನ್ಯರೇ,

ಹಾಸನದಲ್ಲಿ ಫಿಜಿಯೋಥೆರಪಿ ಮಾಡುವ ಗೆಳೆಯರೊಬ್ಬರಿಗಾಗಿ, ಲಕ್ವ ಹೊಡೆದವರ ಮನೆಮಂದಿ ಓದುವ ಕೈಪತ್ರವೊಂದನ್ನು ಬರೆಯುತ್ತಿದ್ದೇನೆ. ನಡಿಗೆಯನ್ನು ಮರಳಿ ರೂಢಿಸುವ ಅಭ್ಯಾಸದಲ್ಲಿ ಎರಡು ಬಗೆ: ಚಿಕಿತ್ಸಕರು ಕೈಯಾಸರೆ ಕೊಟ್ಟು ಮಾಡಿಸುವುದು ಒಂದು, ಲೊಕೊಮ್ಯಾಟ್‌ನಂಥ ರೋಬೋಟ್ ಯಂತ್ರದಲ್ಲಿ, ಮೈಭಾರವನ್ನು ಮೇಲಿನ ಪಟ್ಟಿಗಳು ಹೊತ್ತು, ಟ್ರೆಡ್‌ಮಿಲ್ ಕಾಲಡಿಯಲ್ಲಿ ಸರಿಯುತ್ತಿರುವಾಗ, ಕಾಲಿಗೆ ಬಿಗಿದ ಮೋಟಾರು ಚೌಕಟ್ಟು ತೊಡೆ, ಮಂಡಿಗಳನ್ನು ಆಡಿಸುವುದು ಇನ್ನೊಂದು. ಎರಡಕ್ಕೂ ಯಾವ ಕ್ರಿಯಾಪದ ಒಪ್ಪುತ್ತದೆ ಎಂಬುದೇ ನನ್ನ ತೊಡಕು.

‘ನಡೆಸು’ ಎಂಬುದನ್ನು ಅಂಗಡಿಯೂ ಸಂಸಾರವೂ ಕಸಿದುಕೊಂಡಿವೆ; ‘ರೋಗಿಯನ್ನು ಚೆನ್ನಾಗಿ ನಡೆಸಿಕೊಳ್ಳಿ’ ಎಂದರೆ ಯಾರೂ ಕಾಲಿನ ಕಡೆ ನೋಡುವುದಿಲ್ಲ. ‘ನಡೆದಾಡಿಸು’ ಸ್ಪಷ್ಟವಾಗಿದೆ, ಆದರೆ ‘ರೋಗಿಯನ್ನು ನಡೆದಾಡಿಸುತ್ತಾರೆ’ ಎಂದೊಡನೆ ರೋಗಿ ಬರಿಯ ಕರ್ಮಪದವಾಗಿಬಿಡುತ್ತಾರೆ. ಚಿಕಿತ್ಸೆಯ ಮರ್ಮ ಇದಕ್ಕೆ ತದ್ವಿರುದ್ಧ: ರೋಗಿ ತಾವಾಗಿ ಯತ್ನಿಸಿದರೇ ಮಿದುಳು ಮರಳಿ ಕಲಿಯುವುದು, ಆದ್ದರಿಂದಲೇ ಯಂತ್ರದಲ್ಲೂ ಆಸರೆಯನ್ನು ಬರಬರುತ್ತ ಇಳಿಸುತ್ತಾರೆ. (1920ರ ಚೆಕ್ ನಾಟಕವೊಂದರಿಂದ ಬಂದ ‘ರೋಬೋಟ್’ ಪದದ ಬೇರು ‘ರೊಬೊತಾ’, ಎಂದರೆ ಬಿಟ್ಟಿ ಚಾಕರಿ. ಬಿಟ್ಟಿಯಾಳೇ ನಮ್ಮ ಹೆಜ್ಜೆಯನ್ನೂ ಹಾಕಿಬಿಟ್ಟರೆ ಕಲಿಯುವವರು ಯಾರು?)

ಮೊನ್ನೆ ಗೆಳೆಯರ ಕೋಣೆಯಲ್ಲಿ ಬೇಲೂರು ಕಡೆಯ ಹಿರಿಯರೊಬ್ಬರಿದ್ದರು. ಪಾದ ಜೋತು ನೆಲ ಉಜ್ಜುವುದರಿಂದ ಅವರ ಎಡ ಚಪ್ಪಲಿಯ ಮುಂತುದಿ ಮಾತ್ರ ಸವೆದಿತ್ತು. ಗೆಳೆಯರು ಸೋತ ಮಗ್ಗುಲಲ್ಲಿ ನಿಂತು, ಸೊಂಟದ ಪಟ್ಟಿ ಹಿಡಿದು, ‘ಕಾಲು ಬೀಸ್ಬೇಡಿ, ಮಂಡಿ ಮಡ್ಚಿ ಎತ್ತಿಡಿ’ ಎನ್ನುತ್ತಿದ್ದರು. ಹೊರಗೆ ಅವರ ಮಗಳು ಫೋನಿನಲ್ಲಿ ಹೇಳಿದ್ದು: ‘ಅಪ್ಪನ ಕೈಲಿ ಹೆಜ್ಜೆ ಹಾಕಿಸ್ತಾವ್ರೆ.’ ಕಾಲಿನ ಕೆಲಸಕ್ಕೆ ‘ಕೈಲಿ’! ‘ನನ್ನ ಕೈಲಾಗುತ್ತೆ’ ಎನ್ನುವಾಗಿನ ಅದೇ ಕೈ. ಹಾಕಿಸುವವರು ಬೇರೆಯಾದರೂ ಹಾಕುವವರು ಅಪ್ಪನೇ. ನನಗೆ ಬೇಕಾಗಿದ್ದುದು ಇದು.

ಉಳಿದ ಸಂದೇಹ ಯಂತ್ರದ್ದು. ‘ಯಂತ್ರವು ಅಪ್ಪನ ಕೈಲಿ ಹೆಜ್ಜೆ ಹಾಕಿಸಿತು’ ಎಂಬುದು ನನ್ನ ಕಿವಿಗೆ ಒಗ್ಗುವುದಿಲ್ಲ. ಚಿಕಿತ್ಸಕರ ಅಭ್ಯಾಸದೊಡನೆ ಯಂತ್ರವೂ ಸೇರಿದರೆ ಸ್ವತಂತ್ರವಾಗಿ ನಡೆಯುವಂತಾಗುವ ಸಾಧ್ಯತೆ ಹೆಚ್ಚೆಂದೂ, ಲಕ್ವ ಹೊಡೆದ ಮೊದಲ 3 ತಿಂಗಳಲ್ಲಿರುವ, ಇನ್ನೂ ನಡೆಯಲಾಗದವರಿಗೆ ಪ್ರಯೋಜನ ಹೆಚ್ಚಿರಬಹುದೆಂದೂ 2020ರ ಕಾಕ್ರೇನ್ ಸಮೀಕ್ಷೆ (ಹಲವು ಪ್ರಯೋಗಗಳ ಫಲವನ್ನು ಒಟ್ಟಿಗೆ ತೂಗಿ ನೋಡುವಂಥದು) ಹೇಳುವುದರಿಂದ, ಯಂತ್ರವನ್ನು ಕೈಬಿಡದೆ, ಆದರೆ ಕರ್ತೃವಾಗಿಯೂ ಮಾಡದೆ, ‘ಯಂತ್ರದ ನೆರವಿನಿಂದ ಹೆಜ್ಜೆ ಹಾಕಿಸುವುದು’ ಎಂದು ಬರೆದಿದ್ದೇನೆ. ಧಾರವಾಡದ ಕಡೆಯವರು ‘ಅಪ್ಪನ ಕಡೆಯಿಂದ’ ಎನ್ನುವಲ್ಲಿ ನಮ್ಮ ‘ಕೈಲಿ’ ಅಚ್ಚಿನಲ್ಲಿ ಸಲ್ಲುತ್ತದೆಯೇ, ಅಥವಾ ‘ರೋಗಿಯಿಂದ’ ಎಂಬ ಸಪ್ಪೆ ರೂಪಕ್ಕೇ ಒಪ್ಪಿಕೊಳ್ಳಬೇಕೇ, ತಿಳಿದವರು ಹೇಳಬೇಕು.