ದೊಡ್ಡ ಪೈನ್ ಕಾಯಿಗೆ ‘ದೇವದಾರು ಕಾಯಿ’ ಎನ್ನಬಹುದೇ?

ಪ್ರಶ್ನೆ: ಸಕಲೇಶಪುರದ ಹತ್ತಿರ ಒಂದು ಹಳೆಯ ತೋಟದ ಬಂಗಲೆಯ ಷೋಕೇಸಿನಲ್ಲಿ ಭಾರಿ ಗಾತ್ರದ ಒಣ ಕಾಯಿ ಇದೆ. ಉದ್ದ ಒಂದಡಿಗೆ ತುಸು ಕಡಿಮೆ, ಎತ್ತಿದರೆ ಒಳ್ಳೆ ತೂಕ, ಎಸಳಿನ ತುದಿಯಲ್ಲೆಲ್ಲ ಹುಲಿಯುಗುರಿನಂಥ ಕೊಕ್ಕೆ. ‘ದೇವದಾರು ಕಾಯಿ’ ಎಂದು ಚೀಟಿ ಅಂಟಿಸಿದ್ದಾರೆ. ಪದ ಸರಿಯೇ? ‘ಶಂಕು’ ಎನ್ನಬೇಕೇ? ಬಲ್ಲವರು ತಿಳಿಸಿ.

ಉತ್ತರ: ದೇವದಾರು ಅಂತೂ ಅಲ್ಲ ಸರ್. ಹಿಮಾಲಯದ ದೇವದಾರುವಿನ ಕಾಯಿ 7ರಿಂದ 13 ಸೆಂ.ಮೀ. ಅಷ್ಟೇ. ಅದೂ ಬಲಿತ ಮೇಲೆ ಮರದಲ್ಲೇ ಎಸಳು ಉದುರಿಸಿಕೊಂಡು ನಡುವಿನ ಕಡ್ಡಿಯನ್ನಷ್ಟೇ ಉಳಿಸುತ್ತದೆ. ನಿಮ್ಮದು ಇಡಿಯಾಗಿ ಉಳಿದಿದೆಯಲ್ಲ, ಅದೇ ದೊಡ್ಡ ಸುಳಿವು. ಆಸ್ಟ್ರೇಲಿಯಾದ ಬುನ್ಯಾ ಮರದ ಕಾಯಿ 10 ಕಿಲೋವರೆಗೂ ತೂಗುವುದುಂಟು, ಆದರೆ ಅದೂ ಬಿದ್ದ ಮೇಲೆ ಬಿಚ್ಚಿಕೊಳ್ಳುತ್ತದೆ.

ಖಚಿತ ಮಾಡಿಕೊಳ್ಳಲು ಎಸಳು ಕೀಳಬೇಡಿ. ಸಂದಿಗೆ ಟಾರ್ಚ್ ಬಿಟ್ಟು ಎಸಳಿನ ಮೇಲ್ಮೈಯ ಬುಡ ನೋಡಿ. ಅಕ್ಕಪಕ್ಕ ಎರಡು ಬೀಜದ ಗುರುತಿದ್ದರೆ ಪೈನ್. ಬುನ್ಯಾದಲ್ಲಿ ಎಸಳಿಗೆ ಒಂದೇ ಬೀಜ. ಪೈನ್ ಎಂದಾದ ಮೇಲೆ ಉಳಿಯುವ ದೊಡ್ಡ ಹೆಸರುಗಳು ಎರಡು. ಶುಗರ್ ಪೈನ್ ಕಾಯಿ ಎಲ್ಲಕ್ಕಿಂತ ಉದ್ದ, 50 ಸೆಂ.ಮೀ. ತನಕ ಬರುತ್ತದೆ. ಆದರೆ ಎಸಳು ತೆಳು, ಮುಳ್ಳಿಲ್ಲ, ಗಾತ್ರಕ್ಕೆ ತಕ್ಕ ತೂಕವೂ ಇಲ್ಲ. ಕೊಕ್ಕೆ ಮತ್ತು ತೂಕ ಎರಡೂ ಸೇರಿದರೆ ಕ್ಯಾಲಿಫೋರ್ನಿಯಾದ ಕೋಲ್ಟರ್ ಪೈನ್. ಹಸಿಯಾಗಿದ್ದಾಗ 2ರಿಂದ 5 ಕಿಲೋ ತೂಗುತ್ತದೆ, ಪೈನುಗಳಲ್ಲೇ ಅತಿ ಭಾರದ್ದು. ಉತ್ತರಾಖಂಡದಿಂದ ಪ್ರವಾಸಿಗರು ತರುವ ಚೀರ್ ಪೈನ್ ಕಾಯಿಗೂ ಬಾಗಿದ ತುದಿ ಇರುತ್ತದೆ, ಉದ್ದ ಮಾತ್ರ ಸಾಮಾನ್ಯವಾಗಿ 20 ಸೆಂ.ಮೀ. ಒಳಗೇ.

ಪದದ ವಿಚಾರ. ನಮ್ಮಲ್ಲಿ ಸೂಜಿ ಎಲೆಯ ಮರ ಕಂಡರೆ ಸಾಕು, ದೇವದಾರು ಎಂದುಬಿಡುತ್ತಾರೆ, ಎಡವಟ್ಟು ಅಲ್ಲಿಂದಲೇ. ಶಾಸ್ತ್ರದ ಪ್ರಕಾರ ‘ಕಾಯಿ’ಯೂ ತಪ್ಪು, ಇದು ಅನಾವೃತಬೀಜ ಸಸ್ಯ, ಬೀಜದ ಸುತ್ತ ಹಣ್ಣಿನ ಗೋಡೆ ಇರುವುದಿಲ್ಲ. ಪಠ್ಯಪುಸ್ತಕಕ್ಕಾದರೆ ಶಂಕು ಇರಲಿ. ಷೋಕೇಸಿನ ಚೀಟಿಗೆ ಬೇಡ, ಓದಿದವರಿಗೆ ಶಂಕುಸ್ಥಾಪನೆಯೇ ನೆನಪಾದೀತು! ‘ಕೋಲ್ಟರ್ ಪೈನ್ ಕಾಯಿ, ಕ್ಯಾಲಿಫೋರ್ನಿಯಾ’ ಎಂದು ಬರೆದರೆ ಯಾರಿಗೂ ಗೊಂದಲವಿಲ್ಲ.

ಇನ್ನೊಬ್ಬರ ಸೇರ್ಪಡೆ: ಅಳತೆ ಬರೆಯುವುದಾದರೆ ಉದ್ದ, ತೂಕ ಬರೆಯಿರಿ, ಅಗಲ ನಂಬುವಂತಿಲ್ಲ. ಎಸಳಿನ ಹೊರಪದರ ತೇವ ಹೀರಿದಾಗ ಒಳಪದರಕ್ಕಿಂತ ಹೆಚ್ಚು ಹಿಗ್ಗುತ್ತದೆ, ಎಸಳು ಒಳಕ್ಕೆ ಬಾಗಿ ಕಾಯಿ ಮುಚ್ಚಿಕೊಳ್ಳುತ್ತದೆ. ಒಣಗಿದರೆ ತಿರುಗಿ ಅರಳುತ್ತದೆ. ಮಾರ್ಚಿನಲ್ಲಿ ಅಳೆದ ಅಗಲ ಮಲೆನಾಡಿನ ಜುಲೈನಲ್ಲಿ ಸಿಗುವುದಿಲ್ಲ. ಮಳೆಗಾಲದಲ್ಲಿ ಮುದುಡಿದ್ದನ್ನು ಕಂಡು ಹಾಳಾಯಿತೆಂದು ಎಸೆಯಬೇಡಿ. ಬೂಷ್ಟು ಹಿಡಿಯದಂತೆ ಬಿಸಿಲಿದ್ದ ದಿನ ಹೊರಗಿಡಿ. ಹುಳ ಕಂಡರೆ ಓವನ್‌ನಲ್ಲಿ ತಟ್ಟೆಗೆ ಫಾಯಿಲ್ ಹಾಸಿ 90–100 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಸಾಕು. ಓವನ್ ಬಿಟ್ಟು ಆಚೆ ಹೋಗಬೇಡಿ, ಒಳಗಿನ ರಾಳ ಬೆಂಕಿ ಹಿಡಿಯುವಂಥದ್ದು. ಒಲೆಯ ಮೇಲಂತೂ ಕೂಡದು.