ಷೆರಿಫ್ ಎಲೆಕ್ಷನ್‌ನಲ್ಲಿ ಸೋಲೋದು ಅಂದರೆ ಏನು? (ಸೆವೆನ್ ಮೆನ್ ಫ್ರಮ್ ನೌ, 1956)

ಕೋಥ್ರೂಡ್ ಕನ್ನಡತಿ:
ನಮ್ಮಪ್ಪ ಧಾರವಾಡದಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆದವರು. ಈಗ ಪುಣೆಯಲ್ಲಿ ನನ್ನ ಜೊತೆ ಇದ್ದಾರೆ. ರಾತ್ರಿ ಊಟ ಆದಮೇಲೆ ಇಬ್ಬರೂ ಹಳೇ ಸಿನಿಮಾ ನೋಡುತ್ತೇವೆ. ನಿನ್ನೆ ಬಡ್ ಬೆಟಿಕರ್ ನಿರ್ದೇಶನದ ಈ ವೆಸ್ಟರ್ನ್ (ಕೌಬಾಯ್ ಸಿನಿಮಾ) ಹಾಕಿದ್ದೆ. ಶುರುವಿನಲ್ಲೇ ಕತ್ತಲೆ, ಮಳೆ. ಬಂಡೆಯ ಮರೆಯಲ್ಲಿ ಬೆಂಕಿ ಹಾಕಿಕೊಂಡು ಇಬ್ಬರು ಕಾಫಿ ಕುಡಿಯುತ್ತಿದ್ದಾರೆ. ನಾಯಕ ರಾಂಡಾಲ್ಫ್ ಸ್ಕಾಟ್ ನಡೆದು ಬಂದು ಜೊತೆಗೆ ಕೂರುತ್ತಾನೆ. ಅಪ್ಪ ತಕ್ಷಣ, "ಮುಖ ಬ್ಯಾಡ, ಕೈ ನೋಡು" ಅಂದರು. ಸ್ವಲ್ಪ ಹೊತ್ತಿಗೆ ಗುಂಡಿನ ಸದ್ದು. ಹೊಡೆದದ್ದನ್ನು ತೋರಿಸುವುದೇ ಇಲ್ಲ.

ಅವನು ಮಾಜಿ ಷೆರಿಫ್. ಚಿನ್ನ, ಸರಕು ಸಾಗಿಸುವ ವೆಲ್ಸ್ ಫಾರ್ಗೋ ಕಂಪನಿ ಆಫೀಸಿನ ದರೋಡೆಯಲ್ಲಿ ಹೆಂಡತಿ ಸತ್ತಿದ್ದಾಳೆ, 20,000 ಡಾಲರ್ ಚಿನ್ನ ಹೋಗಿದೆ. ಆ ಏಳು ಜನರನ್ನು ಹುಡುಕಿಕೊಂಡು ಒಬ್ಬನೇ ಹೊರಟಿದ್ದಾನೆ. ಅವನು ಎಲೆಕ್ಷನ್‌ನಲ್ಲಿ ಸೋತು ಕೆಲಸ ಕಳೆದುಕೊಂಡವನು ಅಂತ ಗೊತ್ತಾದಾಗ ಅಪ್ಪ ಸಿನಿಮಾ ನಿಲ್ಲಿಸಿಬಿಟ್ಟರು. "ಪೊಲೀಸರಿಗೆ ಎಲ್ಲೆರ ಎಲೆಕ್ಷನ್ ಇರ್ತದೇನು? ಮೊದಲ ಇದನ್ನ ತಿಳಕೊಂಡು ಹೇಳು, ಆಮ್ಯಾಲೆ ಮುಂದ ನೋಡೂಣು."

ಯಾರಾದರೂ ಬಿಡಿಸಿ ಹೇಳ್ತೀರಾ? ಕೊನೆ ಮಾತ್ರ ಹೇಳಬೇಡಿ.

ಮಾಟುಂಗಾ ಮೇಷ್ಟ್ರು:
ತಂದೆಯವರು ಸರಿಯಾದ ಜಾಗದಲ್ಲೇ ನಿಲ್ಲಿಸಿದ್ದಾರೆ. ಅಮೆರಿಕದಲ್ಲಿ ಷೆರಿಫ್ ಅಂದರೆ ಒಂದು ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಜನ ವೋಟು ಹಾಕಿ ಆರಿಸುವ ಅಧಿಕಾರಿ. ಇವತ್ತಿಗೂ ಬಹುತೇಕ ರಾಜ್ಯಗಳಲ್ಲಿ ಹಾಗೇ. ಸೋತರೆ ಬಿಲ್ಲೆ ಬಿಚ್ಚಿಟ್ಟು ಮನೆಗೆ. ಆಗಿನ ಕಾಲದಲ್ಲಿ ಎಷ್ಟೋ ಕಡೆ ತೆರಿಗೆ ವಸೂಲಿಯೂ ಅವನದೇ, ಅದರಲ್ಲೊಂದು ಪಾಲೂ ಅವನಿಗೇ. ಹಾಗಾಗಿ ಆ ಕುರ್ಚಿಗೆ ಪೈಪೋಟಿ ಜಾಸ್ತಿ. ಯು.ಎಸ್. ಮಾರ್ಷಲ್ ಬೇರೆ, ಅವನು ಕೇಂದ್ರ ಸರ್ಕಾರದ ಅಧಿಕಾರಿ, ಅವನನ್ನು ಅಧ್ಯಕ್ಷರು ನೇಮಿಸುತ್ತಾರೆ. ಡೆಪ್ಯುಟಿ ಅಂದರೆ ಷೆರಿಫ್ ತನ್ನ ಕೈಕೆಳಗೆ ಇಟ್ಟುಕೊಳ್ಳುವವನು.

ಸಿನಿಮಾದ ಗಂಟು ಇರುವುದೂ ಇಲ್ಲೇ. ಸೋತವನಿಗೆ ಡೆಪ್ಯುಟಿ ಕೆಲಸ ಕೊಡ್ತೀವಿ ಅಂದರು. ಮಾನ ಅಡ್ಡ ಬಂತು, ಒಲ್ಲೆ ಅಂದ. ಮನೆ ನಡೆಯಬೇಕಲ್ವಾ? ಹೆಂಡತಿ ಆ ವೆಲ್ಸ್ ಫಾರ್ಗೋ ಆಫೀಸಿಗೆ ಕೆಲಸಕ್ಕೆ ಸೇರಿದಳು. ಸ್ಕಾಟ್ ಮುಖ ಗಮನಿಸಿ, ಸಿಟ್ಟಿಗಿಂತ ತಪ್ಪು ಮಾಡಿದವನ ಸಂಕಟವೇ ಅಲ್ಲಿ ಹೆಚ್ಚು.

ಪಣಜಿಯಿಂದ:
ಚಿಕ್ಕ ಬಜೆಟ್ಟಿನ, 78 ನಿಮಿಷದ ಸಿನಿಮಾ. ಕ್ಯಾಲಿಫೋರ್ನಿಯಾದ ಲೋನ್ ಪೈನ್ ಹತ್ತಿರದ ಬಂಡೆಗಳ ನಡುವೆ ತೆಗೆದದ್ದು. ರಾಮನಗರದ ಕಡೆಯವನಾದ ನನಗೆ ಆ ಬಂಡೆ ನೋಡಿದರೆ ಊರು ನೆನಪಾಗುತ್ತದೆ. ಅಕ್ಕಾ, ಮಳೆಯಲ್ಲಿ ಗಾಡಿಯೊಳಗೆ ಕೂತು ಕಾಫಿ ಕುಡಿಯುವ ಸೀನ್ ಬಂದಾಗ ಮಾತಾಡಬೇಡಿ. ಆ ಗಾಡಿ ಒಂದು ಗಂಡ ಹೆಂಡತಿಯದು. ಖಳನ ಪಾತ್ರದ ಲೀ ಮಾರ್ವಿನ್ ಸುಮ್ನೆ ಒಂದು ಕಥೆ ಹೇಳುವವನ ಹಾಗೆ ಗಂಡನ ಎದುರೇ ಹೆಂಡತಿಯನ್ನು ಹೊಗಳುತ್ತಾ ಗಂಡನನ್ನು ಚುಚ್ಚುತ್ತಾನೆ. ಬರ್ಟ್ ಕೆನಡಿ ಏನು ಬರೆದಿದ್ದಾನೆ! ಇದು ಮುಗಿದ ಮೇಲೆ ರೈಡ್ ಲೋನ್‌ಸಮ್ (1959) ನೋಡಿ. ಅದರಲ್ಲೂ ಸ್ಕಾಟ್ ಮಾಜಿ ಷೆರಿಫ್.

ಕೋಥ್ರೂಡ್ ಕನ್ನಡತಿ:
ಮೇಷ್ಟ್ರೇ, ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಇವತ್ತು ಮುಗಿಸಿದೆವು. ಸಿನಿಮಾ ನೋಡಿಲ್ಲದವರು ಮುಂದೆ ಓದಬೇಡಿ.

ಎಲ್ಲ ಆದಮೇಲೆ ಅವನು ಊರಿಗೆ ವಾಪಸ್ ಹೋಗಿ ಡೆಪ್ಯುಟಿ ಕೆಲಸಕ್ಕೆ ಸೇರುತ್ತೇನೆ ಅಂತಾನೆ. ಕೊನೆಯ ಗುಂಡಿನ ಕಾಳಗಕ್ಕೆ ಅಪ್ಪ ಏನೂ ಹೇಳಿರಲಿಲ್ಲ. ಈ ಮಾತಿಗೆ ಮಾತ್ರ ರಿಮೋಟ್ ಕೇಳಿ ತಗೊಂಡು ಹಿಂದಕ್ಕೆ ಹೋಗಿ ಇನ್ನೊಮ್ಮೆ ನೋಡಿದರು. ತಮಗಿಂತ ಎಷ್ಟೋ ಚಿಕ್ಕವರಾದ ಪಿಎಸ್‌ಐಗಳಿಗೆ ಸೆಲ್ಯೂಟ್ ಹೊಡೆದು ನಮ್ಮನ್ನು ಓದಿಸಿದವರು ಅವರು.

"ಡೆಪ್ಯುಟಿ ಅಂದ್ರ ನಮ್ಮ ಹೆಡ್ ಕಾನ್‌ಸ್ಟೇಬಲ್ ಇದ್ದಂಗ ಅಲ್ಲೇನು?"

ಹೌದಪ್ಪಾ ಅಂದೆ.

"ಹಂಗಾರ ಛಲೋ ಆತು ಬಿಡು."

ರೈಡ್ ಲೋನ್‌ಸಮ್ ನಾಳೆ ರಾತ್ರಿಗೆ.